ರಟ್ಟೆಗೆ ಪಟ್ಟಿ ಕಟ್ಟಿ ಉಗುರು ಒತ್ತಿಸುವ ಮುಖ್ಯ ವೈದ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಬಲಗೈ ಉಂಗುರ ಬೆರಳಿನ ಉಗುರಿನ ಕೆಳಗೆ ಒಂದು ಗೆಡ್ಡೆ ಇದೆ. ಅಲ್ಲಿ ಏನೂ ಇಲ್ಲ ಎಂದು ತಮ್ಮ ಆಸ್ಪತ್ರೆಯ ಮೂರು ವಿಭಾಗಗಳು ಬರೆದುಕೊಟ್ಟಿವೆ. ಗೆಡ್ಡೆಗೆ ಓದಲು ಬರುವುದಿಲ್ಲವಾದ್ದರಿಂದ ಅದು ಇನ್ನೂ ಅಲ್ಲೇ ಇದೆ.

ನಾನು ಐಸ್‌ಕ್ರೀಮ್ ಅಂಗಡಿಯವನು. ದಿನವಿಡೀ ಫ್ರೀಜರಿನೊಳಗೆ ಕೈ ಹಾಕಿ ಹೊಟ್ಟೆ ಹೊರೆಯುವವನಿಗೆ, ತಣ್ಣಗಿನದು ಮುಟ್ಟಿದರೆ ಜೀವ ಹೋಗುವಂಥ ನೋವು ಬಂದರೆ ಹೇಗಿರುತ್ತದೆ, ಯೋಚಿಸಿ. ಹೊರಗಿನಿಂದ ನೋಡಿದರೆ ಊತವಿಲ್ಲ, ಗಾಯವಿಲ್ಲ, ಉಗುರಿನಡಿ ತುಸು ನೀಲಿ ಛಾಯೆ, ಅಷ್ಟೆ. ನಾನು ಕಣ್ಣೀರಿಡುತ್ತಾ ಕೋನ್ ಕೊಡುವುದನ್ನು ನೋಡಿ ಮಕ್ಕಳು ಅಳುತ್ತಿದ್ದವು, ಮಕ್ಕಳು ಅತ್ತಿದ್ದಕ್ಕೆ ತಾಯಂದಿರು ನನ್ನನ್ನು ಬೈಯುತ್ತಿದ್ದರು. ನನ್ನ ಹೆಂಡತಿಯ ತೀರ್ಮಾನವೇ ಬೇರೆ: "ಕೆಲಸದ ಹೊತ್ತಿಗೆ ಸರಿಯಾಗಿ ನೋಯುತ್ತೆ, ಊಟದ ಹೊತ್ತಿಗೆ ಸುಮ್ಮನಿರುತ್ತೆ. ನಿಮ್ಮ ಬೆರಳಿಗೆ ನಿಮಗಿಂತ ಬುದ್ಧಿ ಜಾಸ್ತಿ ಕಣ್ರೀ."

ತಮ್ಮಲ್ಲಿಗೆ ಬಂದೆ. ಚರ್ಮದ ವಿಭಾಗದವರು ಉಗುರಿನ ಕೆಳಗಿರುವುದು ಮೂಳೆ ಎಂದರು. ಮೂಳೆಯವರು ಉಗುರು ಚರ್ಮಕ್ಕೆ ಸೇರಿದ್ದು ಎಂದರು. ಕೊನೆಗೆ ಇಬ್ಬರೂ ಒಮ್ಮತದಿಂದ ನನ್ನನ್ನು ಮನೋರೋಗ ವಿಭಾಗಕ್ಕೆ ಸಾಗಹಾಕಿದರು. ಏಕೆಂದರೆ ಯಾವ ವೈದ್ಯರು ಉಗುರು ಒತ್ತಿದರೂ ನನಗೆ ನೋಯಲೇ ಇಲ್ಲ. ಅಂಗಡಿಯಲ್ಲಿ ನನ್ನನ್ನು ಕುಣಿಸುತ್ತಿದ್ದ ನೋವು ತಮ್ಮವರ ಮೇಜಿನ ಮುಂದೆ ಮಂಗಮಾಯ.

ಇದು ತಮ್ಮ ಸಮಯ ಉಳಿತಾಯದ ಆದೇಶದ ಮಹಿಮೆ. ರಕ್ತದೊತ್ತಡ ನೋಡುವುದು, ವೈದ್ಯರು ಪರೀಕ್ಷಿಸುವುದು ಎರಡೂ ಏಕಕಾಲಕ್ಕೆ ಆಗಬೇಕೆಂದು ಅಪ್ಪಣೆ ಹೊರಡಿಸಿದವರು ತಾವೇ ಅಲ್ಲವೇ? ಹಾಗಾಗಿ ಪ್ರತಿ ಸಲವೂ ನರ್ಸ್ ನನ್ನ ಬಲ ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ತುಂಬಿಸುತ್ತಿದ್ದರು, ಅದೇ ಹೊತ್ತಿಗೆ ವೈದ್ಯರು ಅದೇ ಕೈಯ ಉಗುರು ಒತ್ತುತ್ತಿದ್ದರು.

"ನೋಯುತ್ತಾ?"

"ಇಲ್ಲ ಡಾಕ್ಟ್ರೇ."

"ಮತ್ತೆ ಯಾಕ್ ಬಂದ್ರಿ?"

ಮನೋರೋಗ ವಿಭಾಗದ ಮಾತ್ರೆ ನುಂಗಿ ಸೊಗಸಾಗಿ ನಿದ್ದೆ ಮಾಡಿದೆ. ಬೆರಳು ಮಾತ್ರ ಎಚ್ಚರವಾಗಿಯೇ ಇತ್ತು. ನಿಜಕ್ಕೂ ತಲೆ ಕೆಟ್ಟಿದೆಯೇನೋ ಎಂಬ ಭಯ ನನಗೇ ಹಿಡಿಯಿತು. ನೋವಿಗಿಂತ ಆ ಭಯ ಕೆಟ್ಟದ್ದು ಮಾನ್ಯರೇ.

ಕಡೆಗೆ ನಿಜ ಕಂಡುಹಿಡಿದವರು ಚರ್ಮದ ವಿಭಾಗಕ್ಕೆ ಹೊಸದಾಗಿ ಬಂದ ವೈದ್ಯೆ. ಅವರು ಗುಂಡುಪಿನ್ನಿನ ತಲೆಯಿಂದ ಉಗುರಿನ ಒಂದೊಂದೇ ಜಾಗ ಒತ್ತುತ್ತಿದ್ದರು, ನಾನು ಎಂದಿನಂತೆ ಇಲ್ಲ ಇಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ನರ್ಸ್ ಪಟ್ಟಿಯ ಗಾಳಿ ಬಿಟ್ಟರು. ಪಿನ್ನು ಇನ್ನೂ ಉಗುರಿನ ಮೇಲೇ ಇತ್ತು. ನಾನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ವೈದ್ಯೆ ನನ್ನನ್ನು ಎಬ್ಬಿಸಿ ಕೂರಿಸಿ, "ಇನ್ನೊಂದ್ಸಲ ಮಾಡೋಣ" ಎಂದರು. ಅಷ್ಟು ಖುಷಿಯ ಮುಖವನ್ನು ತಮ್ಮ ಕಟ್ಟಡದಲ್ಲಿ ನಾನು ಕಂಡದ್ದು ಅದೇ ಮೊದಲು. ಗಾಳಿ ತುಂಬಿದರೆ ನೋವು ಹೋಯಿತು, ಬಿಟ್ಟರೆ ಬಂತು.

"ಉಗುರಿನ ಕೆಳಗೆ ರಕ್ತನಾಳದ ಪುಟ್ಟ ಗೆಡ್ಡೆ ಇದೆ, ಗ್ಲೋಮಸ್ ಅಂತಾರೆ. ಬಹಳ ಅಪರೂಪ. ಪಟ್ಟಿ ಬಿಗಿದು ಕೈಗೆ ರಕ್ತ ನಿಂತ್ರೆ ನೋವೂ ನಿಲ್ಲುತ್ತೆ. ನೀವು ಸುಳ್ಳು ಹೇಳ್ತಿಲ್ಲ, ನಿಮಗೆ ಹುಚ್ಚೂ ಹಿಡಿದಿಲ್ಲ. ತೆಗೆದ್ರೆ ಮುಗೀತು" ಎಂದರು. ಸ್ಕ್ಯಾನಿನಲ್ಲೂ ಸಾಸಿವೆ ಕಾಳಿನಷ್ಟು ಕಾಣಿಸಿತು. ನಾನು ಅಲ್ಲೇ ಅತ್ತುಬಿಟ್ಟೆ, ನೋವಿಗಲ್ಲ.

ಆದರೆ ಶಸ್ತ್ರಚಿಕಿತ್ಸೆಗೆ ತಾವು ಒಪ್ಪಿಗೆ ಕೊಡುತ್ತಿಲ್ಲ. ಮೂರು ವಿಭಾಗಗಳು ನೋವಿಲ್ಲ ಎಂದಿರುವಾಗ ಒಬ್ಬರ ಮಾತು ನಂಬುವುದು ಹೇಗೆ ಎಂದು ಕೇಳುತ್ತೀರಿ. ಉಗುರಿನ ಕೆಳಗೆ ಏನಿದೆಯೆಂದು ಮತ ಹಾಕಿ ತೀರ್ಮಾನಿಸುತ್ತಾರೆಯೇ? ಸಾಲದ್ದಕ್ಕೆ ಮರುಪರೀಕ್ಷೆಗೆ ಆದೇಶಿಸಿದ್ದೀರಿ. ಅದೂ ನಿಯಮದ ಪ್ರಕಾರ, ಅಂದರೆ ಮತ್ತೆ ಪಟ್ಟಿ ಕಟ್ಟಿ.

ದಯವಿಟ್ಟು ಸಹಿ ಹಾಕಿ. ಆ ಆದೇಶವನ್ನೂ ಹಿಂದಕ್ಕೆ ಪಡೆಯಿರಿ. ಮೊನ್ನೆ ಬೆಂಚಿನ ಮೇಲೆ ನನ್ನ ಪಕ್ಕ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಒಳಗೆ ಹೋಗಿ ಬಂದವಳು, "ಅವರು ಒತ್ತಿದಾಗ ನೋಯಲೇ ಇಲ್ಲ ಅಣ್ಣ. ನನಗೇ ಏನೋ ಆಗಿದೆ" ಎಂದಳು. ಕೈಯಲ್ಲಿ ಮನೋರೋಗ ವಿಭಾಗದ ಚೀಟಿ ಇತ್ತು. ನಿನಗೇನೂ ಆಗಿಲ್ಲ ತಂಗಿ ಎಂದು ಅವಳಿಗೆ ನಾನು ಹೇಳಿದೆ. ಅದನ್ನು ಹೇಳಬೇಕಾದವರು ತಾವು.

ಇಂತಿ,
ಬೆರಳು ಕೆಟ್ಟಿರುವ, ತಲೆ ನೆಟ್ಟಗಿರುವ
ಐಸ್‌ಕ್ರೀಮ್ ಅಂಗಡಿಯವ