ಬಣ್ಣ ಬೇಡದ ಮುಖ

ನವೆಂಬರ್ ೧೪, ಮಂಗಳವಾರ

ಇಪ್ಪತ್ತೈದನೇ ವಯಸ್ಸಿನಲ್ಲಿ ನಾವು ಗೆಳೆಯರು ಆಡಿದ್ದ ನಾಟಕವನ್ನೇ ಐವತ್ತೆರಡರಲ್ಲಿ ಮತ್ತೆ ಆಡುವ ಹುಚ್ಚು ಯಾಕೆ ಬೇಕಿತ್ತೋ. ಬದುಕು ಕೈಜಾರಿದ ಗುಮಾಸ್ತನ ಪಾತ್ರ ಆಗಲೂ ನನ್ನದೇ. ಈಗ ಹೊಟ್ಟೆಪಾಡಿಗೂ ಗುಮಾಸ್ತನ ಕೆಲಸವೇ. ಆಗ ಹಣೆಗೆ ಸುಕ್ಕು ಬರೆದು ಕೂದಲಿಗೆ ಪೌಡರು ಹಾಕಲು ಮೇಕಪ್ಪಿನ ಗೆಳೆಯನಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಇವತ್ತು ತಾಲೀಮಿನಲ್ಲಿ ನನ್ನ ಮುಖ ನೋಡಿ ಪೆಟ್ಟಿಗೆ ಮುಚ್ಚಿದ.

"ನಿಂಗೇನೂ ಬೇಡ, ಹಾಗೇ ಹೋಗು."

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

"ಅವತ್ತೇ ಈ ಕೆಲಸ ಬಿಟ್ಟು ಹೋಗಬೇಕಿತ್ತು" ಎಂಬ ಗುಮಾಸ್ತನ ಕೊನೆಯ ಮಾತು ಹೇಳುವಾಗ ನನಗೆ ನಿಜವಾಗಿಯೂ ಅಳು ಬಂತು. ನಿರ್ದೇಶಕ ಗೆಳೆಯ ಮುಖ ಕಿವುಚಿದ.

"ಸುಳ್ಳು ಅನ್ಸುತ್ತೆ ಕಣೋ. ಆಗ ಎಷ್ಟು ಚೆನ್ನಾಗಿ ಮಾಡ್ತಿದ್ದೆ. ಆಗ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ ಇದೆ, ಕೇಳಿ ಕಲ್ತ್ಕೋ."

ಕ್ಯಾಸೆಟ್ ಚೀಲದಲ್ಲಿದೆ. ಏನನ್ನೂ ಕಳೆದುಕೊಂಡಿರದ ಆ ಇಪ್ಪತ್ತೈದರ ಹುಡುಗನಿಂದ ನಾನೀಗ ಅಳುವುದನ್ನು ಕಲಿಯಬೇಕು.