ಪಕ್ಕೆಯ ಮೇಲಿನ ಕೈ

ಅಕ್ಟೋಬರ್ ೨೬, ಭಾನುವಾರ ಬೆಳಿಗ್ಗೆ

ನನ್ನ ಟೀಚರಮ್ಮನಿಗೆ,

ನಿನ್ನ ಆಮೆಯ ನಮಸ್ಕಾರಗಳು. ಕಾಗದ ತಡವಾಯಿತೆಂದು ನೀನು ಮುಖ ಊದಿಸಿಕೊಂಡಿದ್ದೀಯಂತೆ, ಆಸ್ಪತ್ರೆಯಿಂದ ಫೋನ್ ಮಾಡಿದಾಗ ನಿನ್ನ ಅಕ್ಕ ಹೇಳಿದರು. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಅಳು ಬರುತ್ತೆ, ಕಾಗದ ಬರೀರಿ ಎಂದವಳು ನೀನೇ. ಸರಿ ಎಂದು ಒಪ್ಪಿ, ಎರಡು ವಾರ ಪೆನ್ನು ಮುಟ್ಟದೆ ಕೂತವನು ನಾನು. ಊರಿನ ಕಲಾ ತಿಂಗಳ ಉತ್ಸವದ ಗಡಿಬಿಡಿ ಎಂದು ನೆಪ ಹೇಳಬಹುದು. ಅದು ಅರ್ಧ ನಿಜ. ತಪ್ಪಾಯಿತು ಮಾರಾಯ್ತಿ, ಹೊಟ್ಟೆಗೆ ಹಾಕಿಕೋ.

ನಿನ್ನ ಅಕ್ಕನೇ ಇದನ್ನು ಓದಿ ಹೇಳುತ್ತಿದ್ದರೆ ಅವರಲ್ಲಿ ಒಂದು ವಿನಂತಿ: ಕೊನೆಯಲ್ಲಿ ಮಡಚಿಟ್ಟ ಹಾಳೆ ಅವಳಿಗೆ ಮಾತ್ರ. ಕನ್ನಡಕ ಕೊಡಿ, ಅವಳೇ ಓದಿಕೊಳ್ಳಲಿ.

ಮನೆ ನೆಟ್ಟಗಿದೆ. ನಿನ್ನ ಕಿಟಕಿಯ ಗಿಡಗಳಲ್ಲಿ ಒಂದನ್ನು ಕೊಂದಿದ್ದೇನೆ, ಉಳಿದವು ಜೀವ ಹಿಡಿದುಕೊಂಡಿವೆ. ಎದುರಿನ ನೃತ್ಯದ ಹಾಲ್ ಮುಂದಿನ ಮರ ಎಲೆ ಉದುರಿಸಲು ಶುರು ಮಾಡಿ ವಾರವಾಯಿತು. ಗುಡಿಸುವವಳು ಬೆಳಿಗ್ಗೆ ಗುಡಿಸಿ ತಿರುಗುವಷ್ಟರಲ್ಲಿ ಮತ್ತೆ ಅಷ್ಟೇ ರಾಶಿ. ನಿನ್ನೆ ಪೊರಕೆಯನ್ನು ಮೂಲೆಗೆಸೆದು, “ಈ ಮರಕ್ಕೆ ನನ್ನ ಮೇಲೆ ಏನು ದ್ವೇಷಾನೋ” ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಿನ್ನ ಆರೋಗ್ಯ ವಿಚಾರಿಸಿದಳು. ಟೀಚರ್ ಬಂದ ಮೇಲೆ ನನ್ನ ಬೈಗುಳ ಕಡಿಮೆ ಮಾಡ್ತೀನಿ ಎಂದು ಹೇಳಿ ಎಂದಳು.

ಈಗ ನೀನು ಕಾಯುತ್ತಿರುವ ಸುದ್ದಿ. ಕಲಾ ತಿಂಗಳ ಕೊನೆಯ ಸಂಜೆಯನ್ನು ಈ ಸಲವೂ ನಿನ್ನ ‘ಉದುರುವ ಎಲೆ’ ನೃತ್ಯಕ್ಕೇ ಕೊಟ್ಟಿದ್ದರು. ನೀನಿಲ್ಲದೆ ಹೇಗೆ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಿನ್ನ ಗುಬ್ಬಿ ಟೊಂಕ ಕಟ್ಟಿ ನಿಂತಳು. ನಿನ್ನ ಹಿರೀ ಶಿಷ್ಯೆ ಇಷ್ಟು ಗಟ್ಟಿಗಿತ್ತಿ ಎಂದು ನನಗೆ ಗೊತ್ತೇ ಇರಲಿಲ್ಲ. ಹೋದ ವರ್ಷ ನೀನು ಕುಣಿದದ್ದರ ವಿಡಿಯೋ ಇತ್ತಲ್ಲ, ಅದನ್ನೇ ಹಾಕಿಕೊಂಡು, ನಿಲ್ಲಿಸಿ, ಹಿಂದೆ ತಿರುಗಿಸಿ, ಹುಡುಗಿಯರಿಗೆಲ್ಲ ಕಲಿಸಿದಳು. ನನ್ನ ಪಿಯಾನೋ ಬೇಕಾದದ್ದು ಕೊನೆಯ ಎರಡು ವಾರಕ್ಕೆ ಮಾತ್ರ.

ಮೊದಲ ದಿನ ಹೋಗಿ ಕೂತೆ. ಶುರುವಿನಲ್ಲಿ ಚೆನ್ನಾಗಿತ್ತು. ಎಲೆ ಸುತ್ತು ಹೊಡೆದು ಕೊಂಬೆ ಬಿಡುವ ಜಾಗ ಬಂತು. ಸಾಲಿನಲ್ಲಿದ್ದ ಹುಡುಗಿಯರೆಲ್ಲ ಒಟ್ಟಿಗೆ ಬಲಗೈಯನ್ನು ಪಕ್ಕೆಯ ಕೆಳಗೆ ಒತ್ತಿ ಹಿಡಿದು, ಸ್ವಲ್ಪ ಬಾಗಿ, ಒಂದು ಗಳಿಗೆ ನಿಂತು, ಆಮೇಲೆ ಮುಂದಿನ ಹೆಜ್ಜೆ ಹಾಕಿದರು.

ನಾನು ನುಡಿಸುವುದನ್ನು ನಿಲ್ಲಿಸಿದೆ. “ಏನಮ್ಮ ಗುಬ್ಬಿ, ಈ ಕೈ ಎಲ್ಲಿಂದ ಬಂತು?”

“ಟೀಚರ್ ಹಾಗೇ ಮಾಡಿದ್ದಾರಲ್ಲ ಸಾರ್? ಬನ್ನಿ, ತೋರಿಸ್ತೀನಿ.”

ತೋರಿಸಿದಳು. ನಿಜ. ವಿಡಿಯೋದಲ್ಲಿ ನಿನ್ನ ಕೈ ಅಲ್ಲೇ ಇದೆ.

“ಕೊಂಬೆ ಬಿಡುವಾಗ ಎಲೆಗಾಗೋ ಸಂಕಟ ಸಾರ್ ಅದು,” ಎಂದಳು. “ಇಡೀ ಡ್ಯಾನ್ಸಲ್ಲಿ ನಂಗೆ ತುಂಬಾ ಇಷ್ಟವಾದ ಜಾಗ. ಅದೊಂದನ್ನೇ ವಾರಗಟ್ಟಲೆ ಮಾಡಿಸಿದ್ದೀನಿ. ಈ ಪುಟ್ಟಿಗೆ ಮಾತ್ರ ಬರ್ತಾನೇ ಇಲ್ಲ ನೋಡಿ. ಸುಮ್ನೆ ಮುಟ್ತಾಳೆ ಅಷ್ಟೇ. ಟೀಚರ್ ಬೆರಳು ಹೇಗೆ ಒತ್ತಿದ್ದಾರೆ, ಹಾಗೆ ಒತ್ತೇ ಅಂತೀನಿ.”

ಪುಟ್ಟಿ ಪಾಪ ನನ್ನ ಮುಂದೆಯೇ ಮತ್ತೆ ಮತ್ತೆ ಒತ್ತಿ ತೋರಿಸಿದಳು. “ಹೀಗಾ ಸಾರ್? ಈಗ ಸರಿನಾ?”

ಆ ನೃತ್ಯ ಕಟ್ಟುವಾಗ ನಿನ್ನ ಪಕ್ಕದಲ್ಲೇ ಪಿಯಾನೋ ಮುಂದೆ ಕೂತಿದ್ದವನು ನಾನು. ಆ ಜಾಗದಲ್ಲಿ ಎರಡು ಕೈಯೂ ತಲೆಯ ಮೇಲಿರಬೇಕು. ಹಾಗೆಂದು ಹೇಳಲು ಬಾಯಿ ತೆರೆದೆ. ಹೇಳಿದ್ದು ಮಾತ್ರ, “ಸರಿಯಾಗಿದೆ ಕಂದ” ಎಂದು. ಮನೆಗೆ ಬಂದು ಅವತ್ತು ಊಟ ಮಾಡಲಿಲ್ಲ.

ನಿನ್ನ ತಮ್ಮನ ಚಿತ್ರಪ್ರದರ್ಶನವೂ ಹಾಲ್ ಹಿಂದಿನ ಗೋದಾಮಿನಲ್ಲೇ ನಡೆಯಿತು. ಗಾರೆ ಹಚ್ಚದ ಇಟ್ಟಿಗೆಯ ಗೋಡೆ, ಸೋರುವ ಮಾಡು, ಆದರೂ ಅವನ ಗತ್ತು ನೋಡಬೇಕಿತ್ತು. ತಾನು ಯಾರೋ ನೋಡಲು ಬಂದವನ ಹಾಗೆ ತನ್ನ ಚಿತ್ರಗಳ ಮುಂದೆಯೇ ನಿಂತು ಜನರ ಮಾತು ಕದ್ದು ಕೇಳುತ್ತಿದ್ದ. ಒಬ್ಬ ಮುದುಕರು ಅವನ ಕಡೆಗೇ ತಿರುಗಿ, “ಇದನ್ನ ಬರೆದವನಿಗೆ ಯಾರಾದ್ರೂ ಒಂದು ದೀಪ ಕೊಡಿಸಬಾರದಾ, ಎಲ್ಲಾ ಬರೀ ಕಪ್ಪು” ಎಂದರಂತೆ. ಅದನ್ನು ಹೇಳಿಕೊಂಡು ತಾನೇ ಬಿದ್ದು ಬಿದ್ದು ನಕ್ಕ.

ಒಂದು ಗೋಡೆಯ ತುಂಬ ನೀನೇ. ಹೋದ ವರ್ಷ ಅಭ್ಯಾಸದ ಹೊತ್ತಿನಲ್ಲಿ ಮೂಲೆಯಲ್ಲಿ ಕೂತು ಇದ್ದಿಲಲ್ಲಿ ಗೀಚುತ್ತಿದ್ದನಲ್ಲ, ಆ ಚಿತ್ರಗಳು. ನೀರು ಕುಡಿಯುತ್ತಿರುವ ನೀನು, ಗೋಡೆಗೆ ಒರಗಿದ ನೀನು, ಯಾರನ್ನೋ ಗದರುತ್ತಿರುವ ನೀನು. ಒಂದೊಂದನ್ನೇ ನೋಡುತ್ತ ಹೋದೆ. ಗದರುವಾಗಲೂ ಬಲಗೈ ಪಕ್ಕೆಯ ಮೇಲೇ ಇದೆ.

“ಅಕ್ಕ ಆಗೆಲ್ಲ ಹಾಗೇ ನಿಲ್ತಿದ್ಲು ಭಾವ,” ಎಂದ. “ಚೆಂದ ಕಾಣ್ತಿತ್ತು, ಬರೆದೆ. ಯಾಕೆ, ಚೆನ್ನಾಗಿಲ್ವಾ?”

ಚೆನ್ನಾಗಿದೆ ಕಣೋ ಎಂದೆ. ಚೆನ್ನಾಗಿಯೇ ಇವೆ ಕಣೇ, ಸುಳ್ಳಲ್ಲ. ಅವನನ್ನು ಬೈದು ಏನು ಬಂತು? ಕಂಡದ್ದನ್ನು ಬರೆದಿದ್ದಾನೆ. ಅವನು ಅಷ್ಟಾದರೂ ಕಂಡ.

ನಿನ್ನೆ ಸಂಜೆ ಹಾಲ್ ತುಂಬಿತ್ತು, ಬಾಗಿಲ ಬಳಿಯೂ ಜನ. ಹುಡುಗಿಯರು ನಿನ್ನ ಮರ್ಯಾದೆ ಉಳಿಸಿದರು, ಅದರಲ್ಲಿ ಎರಡು ಮಾತಿಲ್ಲ. ನಿನ್ನ ಜಾಗದಲ್ಲಿ ಗುಬ್ಬಿ ಕುಣಿದಳು. ನಿನ್ನ ಬೂದು ಬಣ್ಣದ ಉಡುಪನ್ನೇ ಭುಜದಲ್ಲಿ ಸ್ವಲ್ಪ ಹಿಡಿಸಿ ಹಾಕಿಕೊಂಡಿದ್ದಳು. ದೂರದಿಂದ ಒಂದು ಕ್ಷಣ ನನಗೇ ಮೋಸವಾಯಿತು.

ಆ ಜಾಗ ಬಂತು. ಅಷ್ಟೂ ಕೈಗಳು ಪಕ್ಕೆಗೆ ಹೋದವು. ನನ್ನ ಬೆರಳುಗಳು ನಿಂತುಹೋದವು. ಮುಂದಿನ ಸ್ವರ ಗೊತ್ತು, ಬೆರಳು ಅದರ ಮೇಲೇ ಇದೆ, ಒತ್ತಲು ಆಗುತ್ತಿಲ್ಲ. ಹಾಲ್‌ನಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಹುಡುಗಿಯರು ಅಲುಗಾಡಲಿಲ್ಲ, ಪಕ್ಕೆ ಹಿಡಿದುಕೊಂಡು ಬಾಗಿದವರು ಹಾಗೇ ನಿಂತಿದ್ದರು. ನೀನು ಕಲಿಸಿದ ಶಿಸ್ತು ಅದು. ಪುಟ್ಟಿ ಮಾತ್ರ ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. ಆ ಕಣ್ಣು ನೋಡಿ ಎಚ್ಚರವಾಗಿ ಮುಂದೆ ನುಡಿಸಿದೆ.

ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಹಿಂದೆ ಗುಬ್ಬಿ ನನ್ನ ಕೈ ಹಿಡಿದುಕೊಂಡು ಅತ್ತಳು. “ಸಾರ್, ಅಲ್ಲಿ ಅಷ್ಟು ಹೊತ್ತು ನಿಲ್ಲಿಸಿಬಿಟ್ರಲ್ಲ, ಎಷ್ಟು ಚೆನ್ನಾಗಿತ್ತು! ಇನ್ಮೇಲೆ ಹಾಗೇ ಇಟ್ಕೊಳ್ಳೋಣ ಸಾರ್.”

ಇಟ್ಟುಕೊಳ್ಳೋಣಮ್ಮ ಎಂದೆ. ಮುಂದಿನ ವರ್ಷ ಯಾರೋ ನಿನ್ನೆಯ ವಿಡಿಯೋ ನೋಡಿ ಕಲಿಯುತ್ತಾರೆ.

ಬುಧವಾರ ಬೆಳಿಗ್ಗೆ ನಿನ್ನ ತಮ್ಮನ ಕಾರು ತೆಗೆದುಕೊಂಡು ಬರುತ್ತೇನೆ. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಮಂಚವನ್ನು ಪಿಯಾನೋ ಇರುವ ಕೋಣೆಗೆ ತಂದು ಹಾಕಿದ್ದೇವೆ. ಅಲ್ಲಿಂದ ಮರ ಕಾಣುತ್ತದೆ. ನಾನು ತಪ್ಪು ನುಡಿಸಿದರೆ ಮಲಗಿದಲ್ಲಿಂದಲೇ ಬೈಯಬಹುದು, ಎದ್ದು ಬರುವ ಕಷ್ಟ ಇಲ್ಲ. ಹುಡುಗಿಯರೆಲ್ಲ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾರೆ. ಪುಟ್ಟಿ ಒಂದು ಮುತ್ತನ್ನೂ ಕಳಿಸಿದ್ದಾಳೆ. ನಿನ್ನನ್ನು ಇಷ್ಟು ದಿನ ಕಾಪಾಡಿದ್ದು ಯಾವುದೋ, ಅದು ಈ ದಾರಿಯುದ್ದಕ್ಕೂ ಕಾಪಾಡಲಿ. ಹೊದಿಕೆ ಮರೆಯಬೇಡ, ಇಲ್ಲಿ ಗಾಳಿ ಶುರುವಾಗಿದೆ.

ಇಂತು ನಿನ್ನ
ಆಮೆ

ತಾ.ಕ.: ಇದು ನಿನಗೊಬ್ಬಳಿಗೆ.

ಹೋದ ಸಲ ಬಂದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, “ಹೋದ ವರ್ಷವೇ ಬಂದಿದ್ದರೆ ಮಾತೇ ಬೇರೆ ಇತ್ತು” ಎಂದರು. ಹೋದ ವರ್ಷ ಅವಳಿಗೆ ಏನೂ ಇರಲಿಲ್ಲ ಡಾಕ್ಟರೇ, ವೇದಿಕೆ ಮೇಲೆ ಕುಣಿದವಳು ಅವಳು ಎಂದು ನಾನು ಜಗಳಕ್ಕೇ ನಿಂತೆ. ಈ ಬೇಸಿಗೆಯಲ್ಲಿ ಶುರುವಾದದ್ದು ಎಂದು ನೀನು ಹೇಳಿದ್ದೆ. ನಾನೂ ಅದನ್ನೇ ಹೇಳಿದೆ. ಈಗ ಯಾಕೆ ಮನೆಗೆ ಕಳಿಸುತ್ತಿದ್ದಾರೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು.

ಹೋದ ವರ್ಷ ಕುಣಿದು ಮುಗಿದ ಮೇಲೆ ಎಲ್ಲರ ಮುಂದೆ ನೀನು ಹೇಳಿದ್ದು ನೆನಪಿದೆಯಾ? “ಏನ್ರೀ, ಆ ಜಾಗದಲ್ಲಿ ಆಮೆ ಥರ ಎಳೆದುಬಿಟ್ರಿ! ನಿಮಗೋಸ್ಕರ ನಾನು ಕಾಯ್ತಾ ನಿಲ್ಲಬೇಕಾಯ್ತು.” ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನದೇ ತಪ್ಪು ಎಂದು ನಂಬಿ, ಇಡೀ ಚಳಿಗಾಲ ಆ ನಾಲ್ಕು ಸಾಲನ್ನು ಬೇಗ ನುಡಿಸುವ ಅಭ್ಯಾಸ ಮಾಡಿದೆ. ನೀನು ಅಡಿಗೆಮನೆಯಿಂದ “ಹಾಂ, ಈಗ ಸರಿಯಾಯ್ತು ನೋಡಿ” ಎನ್ನುತ್ತಿದ್ದೆ. ಆಗ ನಿನ್ನ ಕೈ ಎಲ್ಲಿತ್ತೇ?

ನಾನು ಎಳೆದಿರಲಿಲ್ಲ. ವಿಡಿಯೋ ಹಾಕಿ ಹಾಕಿ ಕೇಳಿದ್ದೇನೆ. ನಿಂತವಳು ನೀನು, ನಿನಗಾಗಿ ಕಾದವನು ನಾನು.

ಕೊನೆಯ ಸಂಜೆ ಮೊದಲ ಸಲ ಸಿಕ್ಕಿತ್ತು, ಅದನ್ನು ಬಿಡಲು ನಿನಗೆ ಮನಸ್ಸಾಗಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಅದು ಮುಗಿದ ಮರುದಿನ ನೋವಿದೆ ಎಂದು ಹೇಳಬಹುದಿತ್ತಲ್ಲ? ಅದರ ಮರುದಿನ? ನಾನು ಬೇಡ ಎನ್ನುತ್ತಿದ್ದೆನಾ, ಕುಣಿಯಬೇಡ ಎನ್ನುತ್ತಿದ್ದೆನಾ? ಸಿಟ್ಟಿಲ್ಲ ಎಂದರೆ ಸುಳ್ಳು. ಬಹಳ ಸಿಟ್ಟಿದೆ. ಅದನ್ನು ತೀರಿಸಿಕೊಳ್ಳುವಷ್ಟು ದಿನ ನಮಗಿಲ್ಲ, ಹಾಗಾಗಿ ಇಲ್ಲೇ ಬರೆದು ಮುಗಿಸುತ್ತಿದ್ದೇನೆ. ನೀನು ಬಂದ ಮೇಲೆ ಈ ಮಾತು ಎತ್ತುವುದಿಲ್ಲ. ಹುಡುಗಿಯರಿಗೂ ಹೇಳುವುದಿಲ್ಲ, ಆ ಕೈ ಅಲ್ಲೇ ಇರಲಿ.

ಬುಧವಾರ ದಾರಿ ಉದ್ದ ಇದೆ, ಅಲ್ಲಲ್ಲಿ ರಸ್ತೆಯೂ ಕೆಟ್ಟಿದೆ. ನೋವಾದರೆ ಬಾಯಿ ಬಿಟ್ಟು ಹೇಳು. ಗಾಡಿ ನಿಲ್ಲಿಸುತ್ತೇನೆ.