ಗೂಡಿನ ಲೋಟ

ಅಮ್ಮ,

ನೀನು ದೇವಸ್ಥಾನದಿಂದ ಬರುವಷ್ಟರಲ್ಲಿ ನಾನು ಹಾಸನದ ಬಸ್ಸು ಹತ್ತಿರುತ್ತೇನೆ. ಅಪ್ಪನ ಫಿಯಟ್ಟಿನ ಮುಂದಿನ ಚಕ್ರಗಳ ಹಿಂದಿರುವ ರಬ್ಬರ್ ಬುಷ್‌ಗಳು ಪೂರ್ತಿ ಸವೆದಿವೆ. ಇಲ್ಲಿ ತಂದ ಹೊಸವು ಅಳತೆಗೆ ಕೂರುತ್ತಿಲ್ಲ, ಬೇರೆ ತರಬೇಕು.

ಮುಂದಿನ ಎರಡೂ ಚಕ್ರ ಬಿಚ್ಚಿದೆ, ಕಾರು ಕಲ್ಲುಗಳ ಮೇಲೆ ನಿಂತಿದೆ. ಅದರ ಮೇಲೆ ಒದ್ದೆ ಸೀರೆ ಹರವಬೇಡ. ಹತ್ತಿರವೂ ಹೋಗಬೇಡ.

ಹತ್ತು ಗಂಟೆಗೆ ಮೆಕ್ಯಾನಿಕ್ ಭೀಮಣ್ಣ ಬರುತ್ತಾನೆ, ಕೈಗೆ ಪಟ್ಟಿ ಕಟ್ಟಿಕೊಂಡೇ. ನಿನ್ನೆ ಜಾಕಿ ಜಾರಿದಾಗ ಅವನು ತನ್ನ ಕೈ ಕೊಯ್ದುಕೊಂಡರೂ ಕಾರಿನಡಿಯಿಂದ ನನ್ನನ್ನು ಕಾಲು ಹಿಡಿದು ಎಳೆಯದೆ ಇದ್ದಿದ್ದರೆ ಈ ಚೀಟಿ ಬರೆಯಲು ನಾನಿರುತ್ತಿರಲಿಲ್ಲ. ನೀನೂ ಅಲ್ಲೇ ನಿಂತು ಅಳುತ್ತಿದ್ದೆ.

ಅತ್ತು ಮುಗಿಸಿ ನನಗೆ ಬೆಳ್ಳಿ ಲೋಟದಲ್ಲಿ ಕಾಫಿ ತಂದೆ. ಅವನಿಗೆ ಮಾತ್ರ ಹಿತ್ತಿಲ ಗೂಡಿನಲ್ಲಿರುವ ಆ ಲೋಟ ತೆಗೆದುಕೋ ಅಂದು, ಎತ್ತರದಿಂದ ಸುರಿದೆ. ಅರ್ಧ ಅವನ ಗಾಯದ ಮೇಲೆ ಬಿತ್ತು. "ಇರ್ಲಿ ಬುಡಿ ಅಮ್ಮಾವ್ರೆ, ಏನೂ ಆಗಿಲ್ಲ" ಅಂದ. ನಾನು ತಲೆ ತಗ್ಗಿಸಿಕೊಂಡು ನನ್ನ ಕಾಫಿ ಕುಡಿದೆ. ಈಗ ಯಾವ ಮುಖ ಇಟ್ಟುಕೊಂಡು ನಿನ್ನನ್ನು ಬಯ್ಯಲಿ?

ಇವತ್ತು ಅವನಿಗೆ ನನ್ನ ಲೋಟದಲ್ಲೇ ಕೊಡು. ತೊಳೆದು ಒಲೆಯ ಪಕ್ಕ ಇಟ್ಟಿದ್ದೇನೆ. ಬೇಡ ಅಂತಾನೆ. ಆದರೂ ಕೈಗೇ ಕೊಡು.

ನಿನ್ನ ಮಾತ್ರೆ ಮರೆಯಬೇಡ. ಮಧ್ಯಾಹ್ನ ಊಟಕ್ಕೆ ನನ್ನನ್ನು ಕಾಯಬೇಡ.

ಗೂಡಿನ ಲೋಟ ಹುಡುಕಬೇಡ. ಅದಕ್ಕೆ ಸೀಮೆಎಣ್ಣೆ ಹುಯ್ದು ತುಕ್ಕು ಹಿಡಿದ ಬೋಲ್ಟುಗಳನ್ನು ನೆನೆಹಾಕಿದ್ದೇನೆ. ಎಷ್ಟು ಉಜ್ಜಿದರೂ ಇನ್ನು ಅದರ ವಾಸನೆ ಹೋಗುವುದಿಲ್ಲ. ಉಜ್ಜಬೇಡ.

ಸಂಪತ್